ನಿದ್ದೆಯ ನಿವ್ವಳ ತೂಕ

ಫೆಬ್ರವರಿ 8, ಭಾನುವಾರ, ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ನನ್ನ ಮೊದಲ ವಿದೇಶ ಪ್ರವಾಸ ಆರಂಭವಾಯಿತು. ಹೊರಟದ್ದು ಶಿವಮೊಗ್ಗದ ಆಲ್ಕೊಳದಿಂದ. ಹೋದದ್ದು ಭದ್ರಾವತಿಗೆ.

ನಗುವವರು ನಕ್ಕು ಮುಗಿಸಿ, ನಾನು ಕಾಯುತ್ತೇನೆ. ಬಸ್ಸಿನಲ್ಲಿ ಒಂದು ಸಿನಿಮಾ ಹಾಡಿನ ಕ್ಯಾಸೆಟ್ ಮುಗಿಯುವಷ್ಟರಲ್ಲಿ ತಲುಪುವ ಊರು ವಿದೇಶ ಹೇಗಾಗುತ್ತದೆ ಎನ್ನುವವರಿಗೆ ನನ್ನ ಡೈರಿಯಲ್ಲಿ ಉತ್ತರವಿದೆ. ಕಳೆದ ಏಳು ವರ್ಷಗಳಲ್ಲಿ ನಾನು ಆಸ್ಪತ್ರೆಗೆ ಹೋದ ಸಲಗಳು: 161. ನಾನೇ ಗಾಡಿ ಓಡಿಸಿಕೊಂಡು ತುಂಗಾ ನದಿ ದಾಟಿದ ಸಲಗಳು: ಸೊನ್ನೆ. "ಹೊಳೆ ದಾಟಿದ್ರೆ ನಿಂಗೆ ಫಾರಿನ್ನೇ ಬಿಡು" ಎಂದು ಅಪ್ಪ ಯಾವಾಗಲೋ ತಮಾಷೆಗೆ ಅಂದಿದ್ದರು. ಆ ಮಾತು ಮನೆಯಲ್ಲಿ ಠಿಕಾಣಿ ಹೂಡಿಬಿಟ್ಟಿತು. ಹೊರಡುವ ಹಿಂದಿನ ದಿನ ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು, "ಫಾರಿನ್ ನಾಳೆನಾ? ಸ್ವೆಟರ್ ಇಟ್ಕೊಂಡ್ಯಾ?" ಎಂದು ಕೇಳಿದರು. ಅಮ್ಮ ನಿಜವಾಗಿಯೂ ಸ್ವೆಟರ್ ಇಟ್ಟಿದ್ದಳು.

ಆಲ್ಕೊಳ: ವೀಸಾ

ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಸಂಧಿವಾತ ಬಂತು. ಅದು ಅಜ್ಜಿಯರ ಮಂಡಿನೋವು ಅಂದುಕೊಂಡವರೇ ಹೆಚ್ಚು. ನನ್ನದು ಬೇರೆ ಜಾತಿಯದು. ಮೈ ಕಾಯಬೇಕಾದ ಕಾವಲುಗಾರರೇ ದಾರಿ ತಪ್ಪಿ ಕೀಲುಗಳಿಗೆ ಕಲ್ಲು ತೂರುವಂಥದು. ನೋವಿನೊಂದಿಗೆ ಒಂದು ಒಪ್ಪಂದಕ್ಕೆ ಬಂದಿದ್ದೇನೆ. ಅದು ಬಾಗಿಲು ತಟ್ಟಿ ಬರುತ್ತದೆ. ಆದರೆ ಇದರ ಜೊತೆಗೆ ಬರುವ ನಿದ್ದೆ ಹಿತ್ತಿಲಿಂದ ಒಳಗೆ ನುಗ್ಗುವ ಪೈಕಿ. ರಾತ್ರಿ ಎಂಟು ಗಂಟೆ ಮಲಗಿ ಎದ್ದರೂ, ಪಲ್ಯಕ್ಕೆ ಬೀನ್ಸ್ ಮುರಿಯುತ್ತಾ ಕೂತಲ್ಲೇ ಕಣ್ಣು ಮುಚ್ಚಿದ ದಾಖಲೆ ನನ್ನ ಬಳಿ ಇದೆ. ತಾರೀಖು ಸಮೇತ.

ಹೋದ ವರ್ಷದ ಕೊನೆಗೆ ನಾನು ನಿದ್ದೆಯ ಲೆಕ್ಕ ಬರೆಯಲು ಶುರು ಮಾಡಿದೆ. ಒಂದು ಆಕಳಿಕೆಗೆ ಒಂದು ಗೀಟು. ಒಂದು ತೂಕಡಿಕೆಗೆ ನಾಲ್ಕು ಗೀಟಿನ ಮೇಲೆ ಅಡ್ಡ ಎಳೆದ ಒಂದು ಗೀಟು. ತೊಂಬತ್ತೆರಡು ದಿನ ಬರೆದ ಮೇಲೆ ಎರಡು ವಿಷಯ ಗೊತ್ತಾಯಿತು. ವಾರಕ್ಕೊಮ್ಮೆ ನುಂಗುವ ಮಾತ್ರೆಯ ಮರುದಿನ ನಾನು ಮನುಷ್ಯಳಲ್ಲ, ಒದ್ದೆ ಕಂಬಳಿ. ಉಳಿದ ದಿನಗಳಲ್ಲಿ ಗೀಟುಗಳೆಲ್ಲ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರ ನಡುವೆ ಇರುವೆಗಳ ಹಾಗೆ ಮುತ್ತಿಕೊಳ್ಳುತ್ತವೆ.

ಪುಸ್ತಕ ನೋಡಿ ಡಾಕ್ಟರ್ ಜೋರಾಗಿ ನಕ್ಕರು. "ನಿದ್ದೆಗೆ ಟೈಮ್‌ಟೇಬಲ್ ಬರೆದ ಪೇಷೆಂಟ್ ನೀನೊಬ್ಬಳೇ." ಆಮೇಲೆ ನಗು ನಿಲ್ಲಿಸಿ ರಕ್ತದ ವರದಿ ನೋಡಿ, ಮಾತ್ರೆಯನ್ನು ಶುಕ್ರವಾರ ರಾತ್ರಿಗೆ ಬದಲಾಯಿಸಿದರು. ಶನಿವಾರ ಕಾರು ಮುಟ್ಟಬಾರದು, ಉಳಿದ ದಿನ ಓಡಿಸಬಹುದು ಎಂದರು. "ಆದ್ರೆ ಒಂದು ಷರತ್ತು. ಕಣ್ಣು ಎಳೀತು ಅಂದ ಕೂಡ್ಲೆ ನಿಲ್ಲಿಸ್ಬೇಕು. ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು, ಕೆನ್ನೆಗೆ ಹೊಡ್ಕೊಳ್ಳೋದು ಇದೆಲ್ಲ ನಿದ್ದೆಗೆ ಕೊಡೋ ಲಂಚ. ತಗೊಳ್ಳುತ್ತೆ, ಆದ್ರೆ ಕೆಲಸ ಮಾಡ್ಕೊಡಲ್ಲ." ಇದು ನನ್ನ ವೀಸಾ.

ಪಾಸ್‌ಪೋರ್ಟ್ ಮಾತ್ರ ಅಪ್ಪನ ಕೈಯಲ್ಲಿತ್ತು. ಅಪ್ಪ ಖಾಸಗಿ ಬಸ್ಸು ಓಡಿಸಿ ಮೂವತ್ತು ವರ್ಷ ಸವೆಸಿದವರು. ಈಗ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆಯುವುದು ಅವರ ಉದ್ಯೋಗ. ನನಗೆ ಈ ಲೆಕ್ಕದ ಹುಚ್ಚು ಎಲ್ಲಿಂದ ಬಂತೆಂದು ಅಮ್ಮ ಕೇಳುವುದು ಬಿಟ್ಟು ಬಹಳ ದಿನವಾಯಿತು.

ವಿಷಯ ಏನೆಂದರೆ, ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬಂದವರ ಹೆಸರು, ಹೊತ್ತು, ಪರೀಕ್ಷೆ ಬರೆದುಕೊಳ್ಳುವ ಕೆಲಸ. ಏಳು ವರ್ಷ ರಕ್ತ ಕೊಟ್ಟವಳು ಇನ್ನು ಮುಂದೆ ರಕ್ತದ ಲೆಕ್ಕ ಬರೆಯುವವಳು. ಇಪ್ಪತ್ತಾರನೇ ವಯಸ್ಸಿನಲ್ಲಿ ಸಿಕ್ಕ ಮೊದಲ ಕೆಲಸ. ಸೋಮವಾರ ಸೇರಬೇಕು. ಬಸ್ಸಿನಲ್ಲಿ ಹೋಗೋಣವೆಂದರೆ, ಮೇಲಿನ ಸರಳು ಹಿಡಿದು ನಿಂತರೆ ನನ್ನ ಮಣಿಕಟ್ಟು ಎರಡನೇ ಸ್ಟಾಪಿನಲ್ಲೇ ಮುಷ್ಕರ ಹೂಡುತ್ತದೆ. ಮನೆಯಲ್ಲಿ ಹಳೆಯ ಪುಟ್ಟ ಬಿಳಿ ಕಾರಿದೆ. ಅದರ ಕೀ ಕ್ಯಾಲೆಂಡರ್ ಪಕ್ಕದ ಮೊಳೆಯಲ್ಲಿ ತೂಗುತ್ತಿರುತ್ತದೆ. ಕೀ ಇದ್ದರೆ ಕೆಲಸ, ಇಲ್ಲದಿದ್ದರೆ ಬೀನ್ಸ್.

"ಭಾನುವಾರ ಹೋಗಿ ಬಾ, ನೋಡಣ" ಎಂದರು ಅಪ್ಪ. "ಒಂದೇ ಒಂದು ಸಲ ತೂಕಡಿಸಿದ್ರೂ ಕೀ ಮೊಳೆಗೆ. ಲ್ಯಾಬಿನವ್ರಿಗೆ ನಾನೇ ಫೋನ್ ಮಾಡಿ ಬರಲ್ಲ ಅಂತೀನಿ. ಮತ್ತೆ, ಒಬ್ಳೇ ಹೋಗೋದು ಬೇಡ. ಸರೋಜಾ ಬರ್ತಾಳೆ."

ಸರೋಜತ್ತೆ ಅಪ್ಪನ ತಂಗಿ, ಹಿಂದಿನ ರಸ್ತೆಯಲ್ಲಿ ಮನೆ. ಅವಳ ಕೆಲಸ ಒಂದೇ: ದಾರಿಯುದ್ದಕ್ಕೂ ಮಾತಾಡಿ ನನ್ನನ್ನು ಎಚ್ಚರವಾಗಿಡುವುದು. ಈ ಹುದ್ದೆಗೆ ಅವಳಿಗಿಂತ ಅರ್ಹರು ಜಿಲ್ಲೆಯಲ್ಲಿ ಇಲ್ಲ ಎಂದು ಎಲ್ಲರೂ ಒಪ್ಪಿದರು.

ತುಂಗಾ ಸೇತುವೆ: ಗಡಿ ದಾಟಿದ್ದು

ಅತ್ತೆ ತಯಾರಾಗಿಯೇ ಬಂದಿದ್ದಳು. ಕೈಚೀಲದಿಂದ ಒಂದೊಂದೇ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಸಾಲಾಗಿಟ್ಟಳು. ಹುಣಸೆಹಣ್ಣಿನ ಉಂಡೆ, ಲವಂಗ, ನೀರು ಚಿಮುಕಿಸಲು ಒಂದು ಬಾಟಲಿ, ತಲೆನೋವಿನ ಮುಲಾಮು.

"ಮುಲಾಮು ಯಾಕತ್ತೆ?"

"ಕಣ್ಣಿನ ಕೆಳಗೆ ಒಂಚೂರು ಹಚ್ಚಿದ್ರೆ ನಿದ್ದೆ ದಾವಣಗೆರೆಗೆ ಓಡುತ್ತೆ ಮಾರಾಯ್ತಿ."

"ಕಣ್ಣಲ್ಲಿ ನೀರು ಸುರಿದ್ರೆ ರಸ್ತೆ ಹೆಂಗೆ ಕಾಣ್ಬೇಕು?"

"ಅದ್ಕೇ ನಾನಿರೋದು. ರಸ್ತೆ ನಾನು ನೋಡ್ತೀನಿ, ನೀನು ಎಚ್ಚರವಾಗಿರು."

ಮುಲಾಮನ್ನು ಹಿಂದಿನ ಸೀಟಿಗೆ ಗಡೀಪಾರು ಮಾಡಿದೆ. ಸೇತುವೆ ಹತ್ತಿದೆವು. ಕೆಳಗೆ ತುಂಗೆ ಅರ್ಧ ನೀರು, ಅರ್ಧ ಬಂಡೆ. ಎಡಕ್ಕೆ ಒಂದು ಸಿಟಿ ಬಸ್ಸು, ಬಲಕ್ಕೆ ಎರಡು ಆಟೋ, ನಡುವೆ ನಾನು. ಸ್ಟೀರಿಂಗ್ ಮೇಲೆ ನನ್ನ ಹತ್ತು ಬೆರಳೂ ಇದ್ದವು, ಒಂದೂ ದೂರು ಹೇಳಲಿಲ್ಲ. ಸೇತುವೆ ಮುಗಿದಾಗ ಗಂಟೆ 9:27. "ಅತ್ತೆ, ಫಾರಿನ್ ಬಂತು!" ಎಂದು ಕಿರುಚಿದೆ. ಪಕ್ಕದ ಆಟೋದವನು ಬೆಚ್ಚಿ ನೋಡಿದ. ಅತ್ತೆ ಅವನಿಗೆ ಕೈ ಬೀಸಿದಳು, ಮಂತ್ರಿಗಳ ಹಾಗೆ.

ಆಮೇಲೆ ಅವಳು ಕರ್ತವ್ಯಕ್ಕೆ ಇಳಿದಳು. ತನ್ನ ನಾದಿನಿ ಗೃಹಪ್ರವೇಶಕ್ಕೆ ಕರೆದ ರೀತಿ ಸರಿಯಿರಲಿಲ್ಲ ಎಂಬ ಕಥೆ ಎತ್ತಿಕೊಂಡಳು. ಕಥೆ ಚೆನ್ನಾಗಿಯೇ ಏರುತ್ತಿತ್ತು. ಎಂಆರ್‌ಎಸ್ ಸರ್ಕಲ್ ದಾಟಿದಾಗ, "ಅವ್ಳು ಹೇಳ್ತಾಳೆ... ನೀವು ಬಂದ್ರೂ ಸರಿ..." ಎಂದಳು. ಬರದಿದ್ದರೆ ಏನು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ತಿರುಗಿ ನೋಡಿದರೆ ಅತ್ತೆಯ ಬಾಯಿ ತೆರೆದೇ ಇತ್ತು, ಕಣ್ಣು ಮುಚ್ಚಿತ್ತು. ನನ್ನನ್ನು ಎಚ್ಚರವಾಗಿಡಲು ಬಂದವಳು ಎಚ್ಚರವಿದ್ದದ್ದು ಒಟ್ಟು 23 ನಿಮಿಷ.

ನನಗೆ ನಗು ತಡೆಯಲಾಗಲಿಲ್ಲ. ಆ ಹೊತ್ತಿನಲ್ಲಿ ನನ್ನ ಆಕಳಿಕೆ ಸೊನ್ನೆ. ಕಿಟಕಿಯಾಚೆ ಒಂದು ಊರಿನ ಬೋರ್ಡು ಬಂತು: ನಿದಿಗೆ. ಹಳೆಯ ಹಳ್ಳಿ, ಎಲ್ಲರಿಗೂ ಗೊತ್ತಿರುವ ಹೆಸರು. ಪಕ್ಕದಲ್ಲಿ ಅತ್ತೆ ಗೊರಕೆ ಹೊಡೆಯುತ್ತಿರುವಾಗ ಅದನ್ನು ‘ನಿದ್ದೆಗೆ’ ಎಂದು ಓದಿಕೊಂಡೆ. ಅತ್ತೆ ತನ್ನ ಊರು ತಲುಪಿದಳು ಅಂದುಕೊಂಡೆ. ಆ ನಗೆಯ ಬಡ್ಡಿ ಆಮೇಲೆ ಕಟ್ಟಬೇಕಾಯಿತು.

ಓಲ್ಡ್ ಟೌನ್: ವಿದೇಶಿಯರ ನಡೆನುಡಿ

ಭದ್ರಾವತಿ ನಿಜವಾಗಿಯೂ ಬೇರೆ ದೇಶವೇ. ಶಿವಮೊಗ್ಗದಲ್ಲಿ ದಾರಿ ಕೇಳಿದರೆ ಕೈ ತೋರಿಸುತ್ತಾರೆ. ಇಲ್ಲಿ ಮೊದಲು ನಿಮ್ಮ ಕುಲಗೋತ್ರ ವಿಚಾರಿಸುತ್ತಾರೆ, ಆಮೇಲೆ ಮೂರು ಭಾಷೆಯಲ್ಲಿ ದಾರಿ ಹೇಳುತ್ತಾರೆ. ಓಲ್ಡ್ ಟೌನಿನ ಒಂದು ಬೀದಿಯ ತುದಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ಹೆಂಗಸನ್ನು ಲ್ಯಾಬ್ ಎಲ್ಲಿ ಎಂದು ಕೇಳಿದೆ.

"ಯಾರಿಗೆ ಪಾಪಾ ಮೈ ಸರಿ ಇಲ್ಲ? ಅಕ್ಕಂಗಾ?"

ಆಗಷ್ಟೇ ಎದ್ದಿದ್ದ ಅತ್ತೆಗೆ ಸಿಟ್ಟು ಬಂತು. "ನನಗೆ ಏನಾಗಿದೆ? ಕಲ್ಲು ಗುಂಡಿದ್ದ ಹಾಗಿದೀನಿ."

"ಗುಂಡು ಸರಿ ಅಕ್ಕಾ, ಕಾಣುತ್ತೆ" ಎಂದಳು ಹೂವಿನಾಕೆ, ದಾರದಿಂದ ಕಣ್ಣೆತ್ತದೆ.

ಜಗಳವಾಗುತ್ತದೆ ಅಂದುಕೊಂಡೆ. ಎರಡು ನಿಮಿಷದಲ್ಲಿ ಅತ್ತೆ ಕಾರಿನಿಂದಿಳಿದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ಇಬ್ಬರಿಗೂ ನಾದಿನಿಯರಿದ್ದರು. ಗೃಹಪ್ರವೇಶದ ಕಥೆ ಮೊದಲಿನಿಂದ ಶುರುವಾಯಿತು. ಹೂವಿನಾಕೆ ತೆಲುಗಿನಲ್ಲಿ ಮರುಗಿದಳು, ತಮಿಳಿನಲ್ಲಿ ಬೈದಳು, ಕನ್ನಡದಲ್ಲಿ ಒಂದು ಮೊಳ ಮಲ್ಲಿಗೆ ಅತ್ತೆಯ ತಲೆಗೆ ತಾನೇ ಮುಡಿಸಿದಳು.

ನಾನು ಹೋಗಿ ಲ್ಯಾಬಿನ ಬಾಗಿಲು ನೋಡಿಬಂದೆ. ಭಾನುವಾರವಾದ್ದರಿಂದ ಷಟರ್ ಎಳೆದಿತ್ತು. ಮುಂದೆ ಕಾರು ನಿಲ್ಲಿಸಲು ಜಾಗ: ಇದೆ. ಮೆಟ್ಟಿಲು: ಮೂರು, ಹಿಡಿದುಕೊಳ್ಳಲು ಕಂಬಿ ಉಂಟು. ಷಟರಿನ ಸಂದಿಯಿಂದ ಇಣುಕಿದಾಗ ಒಂದು ಮೇಜು, ಒಂದು ಕುರ್ಚಿ, ಒಂದು ದಪ್ಪ ರಿಜಿಸ್ಟರ್ ಕಂಡವು. ಆ ರಿಜಿಸ್ಟರನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ ಬರೆದುಕೊಂಡಿಲ್ಲ. ನನ್ನ ಡೈರಿಯಲ್ಲಿ ಹೊತ್ತು ಬರೆಯದ ಘಟನೆಗಳು ಬಹಳ ಕಡಿಮೆ.

ಲೆಕ್ಕದ ಪ್ರಕಾರ 10:15ಕ್ಕೆ ಹೊರಟು ಹನ್ನೊಂದರೊಳಗೆ ಮನೆ ಸೇರಬೇಕಿತ್ತು. ಹೂವಿನಾಕೆ ನಮಗಿಬ್ಬರಿಗೂ ಕಾಫಿ ತರಿಸಿದಳು. ಅತ್ತೆಗೆ ಎರಡು ಚಿಪ್ಪು ಬಾಳೆಹಣ್ಣು ಕೊಳ್ಳಬೇಕೆನಿಸಿತು. ಕೊಂಡ ಮೇಲೆ ನಾದಿನಿಯ ಎರಡನೇ ಮಗಳ ವಿಷಯ ಹೇಳುವುದು ಬಾಕಿ ಇದೆ ಎಂದು ನೆನಪಾಯಿತು. "ಅತ್ತೆ, ಹನ್ನೊಂದು ಗಂಟೆ!" ಎಂದು ನಾನು ನಾಲ್ಕು ಸಲ ಕರೆದೆ. ಕಾರು ಹೊರಟಾಗ ಗಂಟೆ 11:04.

ಬಿ.ಎಚ್. ರಸ್ತೆ: ಇರುವೆಗಳ ಹೊತ್ತು

ಅತ್ತೆಯ ಮಲ್ಲಿಗೆ ವಾಸನೆ ಕಾರೆಲ್ಲ ತುಂಬಿತ್ತು. ಬಿಸಿಲು ಎದೆಯ ಮೇಲೆ ಬೆಚ್ಚಗೆ ಕೂತಿತ್ತು. ಊರು ದಾಟುವ ಮೊದಲೇ ಅತ್ತೆ ಮಲಗಿದಳು.

11:10. ಮೊದಲ ಆಕಳಿಕೆ. 11:12. ಎರಡು, ಮೂರು. ಇಷ್ಟಕ್ಕೆಲ್ಲ ಹೆದರಬಾರದು ಎಂದುಕೊಂಡು ಲವಂಗ ಬಾಯಿಗೆ ಹಾಕಿದೆ. ಡಾಕ್ಟರ್ ಹೇಳಿದ ಲಂಚದ ಮಾತು ನೆನಪಾಯಿತು. ಆದರೂ ಕಿಟಕಿ ಇಳಿಸಿದೆ. ನಾನೂ ಕೊಟ್ಟೆ, ಅದೂ ತಗೊಂಡಿತು.

ಒಂದು ಟೈರ್ ಅಂಗಡಿಯ ಹಳದಿ ಬೋರ್ಡು ಓದಿದೆ. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯಲ್ಲಿ ನೋಡಿದರೆ ಹಿಂದೆ ಒಂದು ಪೆಟ್ರೋಲ್ ಬಂಕ್, ಒಂದು ಕಲ್ಯಾಣ ಮಂಟಪದ ಕಮಾನು ಹಿಂದೆ ಸರಿಯುತ್ತಿದ್ದವು. ಅವುಗಳನ್ನು ನಾನು ದಾಟಿದ್ದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತೆರೆದೇ ಇತ್ತು, ಕೈ ಸ್ಟೀರಿಂಗ್ ಮೇಲೇ ಇತ್ತು. ನಾನು ಮಾತ್ರ ಅಲ್ಲಿರಲಿಲ್ಲ. ಎಡಗಡೆ ಚಕ್ರ ಬಿಳಿ ಗೆರೆ ದಾಟಿ ಜಲ್ಲಿಯ ಮೇಲೆ ಗರಗರ ಸದ್ದು ಮಾಡಿದಾಗ ವಾಪಸ್ ಬಂದೆ.

ಇಡೀ ಪ್ರವಾಸದಲ್ಲಿ ನಗು ಪೂರ್ತಿ ನಿಂತ ಜಾಗ ಅದೊಂದೇ. ನನ್ನ ಮಣಿಕಟ್ಟಿನ ನೋವು ನನ್ನದು. ಆದರೆ ಆ ರಸ್ತೆಯಂಚಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಮನುಷ್ಯ ನನ್ನವನಲ್ಲ. ಅವನು ಇನ್ನೂ ದೂರವಿದ್ದ. ದೂರವಿದ್ದ, ಅಷ್ಟೇ.

ನಿಲ್ಲಿಸಿದರೆ ಕೀ ಮೊಳೆಗೆ ಹೋಗುತ್ತದೆ. ಷಟರಿನ ಹಿಂದಿನ ಆ ದಪ್ಪ ರಿಜಿಸ್ಟರು ಬೇರೆ ಯಾರದೋ ಅಕ್ಷರ ನೋಡುತ್ತದೆ. ಮನೆ ಇನ್ನು ಅರ್ಧ ಗಂಟೆ. ಅತ್ತೆ ಮಲಗಿದ್ದಾಳೆ, ಯಾರೂ ನೋಡಿಲ್ಲ. ಇಷ್ಟೂ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಎಡಕ್ಕೆ ಸಿಗ್ನಲ್ ಹಾಕಿದೆ.

ಮಾಚೇನಹಳ್ಳಿಯ ಹತ್ತಿರ: ತೂಕದ ದೇಶ

ರಸ್ತೆಯಿಂದ ಒಳಗೆ ಸಿಮೆಂಟಿನ ಅಂಗಳ, ಒಂದು ದೊಡ್ಡ ಹೊಂಗೆ ಮರ, ಅದರ ನೆರಳಿನಲ್ಲಿ ಮಟ್ಟಸವಾದ ಕಬ್ಬಿಣದ ಹಾಸು. ಕಾರು ನಿಲ್ಲಿಸಲೆಂದೇ ಮಾಡಿದ ಹಾಗಿತ್ತು. ಅದರ ಮೇಲೆ ಹತ್ತಿಸಿದಾಗ ಕಾರು ಉಯ್ಯಾಲೆಯ ಹಾಗೆ ಒಮ್ಮೆ ಅಲುಗಿತು. ನನ್ನ ತಲೆಯೇ ತಿರುಗಿತೆಂದುಕೊಂಡೆ. ಎಂಜಿನ್ ಆಫ್. ಹ್ಯಾಂಡ್ ಬ್ರೇಕ್. ಫೋನಿನಲ್ಲಿ ಇಪ್ಪತ್ತು ನಿಮಿಷದ ಅಲಾರಂ. ಕಿಟಕಿಯ ಹತ್ತಿರ ಯಾರೋ ಬಂದು ಏನೋ ಕೇಳಿದರು, ನಾನು ಏನೋ ಹೇಳಿದೆ. ಅಷ್ಟೇ ನೆನಪು.

ಅಲಾರಂ ಕೂಗಿ ಕಣ್ಣು ತೆರೆದಾಗ ಕಿಟಕಿಯಲ್ಲಿ ಖಾಕಿ ಅಂಗಿಯ, ಬಿಳಿ ಮೀಸೆಯ ಮನುಷ್ಯರೊಬ್ಬರು ಬಗ್ಗಿ ನಿಂತಿದ್ದರು. ಪಕ್ಕದ ಸೀಟು ಖಾಲಿ.

"ನಿದಿಗೆಯಲ್ಲಿ ಯಾರ್ ಮನೆಗೆ ಮೇಡಂ?"

"ನಿದಿಗೆಗಾ? ನಾನು ಆಲ್ಕೊಳಕ್ಕೆ ಹೋಗ್ಬೇಕು."

"ನೀವೇ ಹೇಳಿದ್ರಲ್ಲಾ ಮಾ! ತೂಕಾನಾ ಅಂತ ಕೇಳ್ದೆ. ‘ಹೂಂ, ತೂಕ...’ ಅಂದ್ರಿ. ತೂಗ್ದೆ. ಎಲ್ಲಿಗೆ ಅಂದೆ. ‘ನಿದಿಗೆ’ ಅಂದ್ರಿ. ಬರ್ದೆ. ಮಾಲೇನು ಅಂದೆ. ಗೊರಕೆ ಬಂತು. ಆ ಕಾಲಂ ಖಾಲಿ ಬಿಟ್ಟಿದೀನಿ."

ಆಗ ಅವರ ಹಿಂದಿದ್ದ ಸಣ್ಣ ಕೋಣೆಯ ಮೇಲಿನ ಬೋರ್ಡು ಓದಿದೆ. ವೇ ಬ್ರಿಡ್ಜ್. ಲಾರಿಗಳನ್ನು ತೂಗುವ ತಕ್ಕಡಿಯ ಮೇಲೆ ಕಾರು ನಿಲ್ಲಿಸಿ ಮಲಗಿದ್ದೆ. ತೂಕವೇ ಎಂದು ಕೇಳಿದವರಿಗೆ ತೂಕಡಿಕೆ ಎಂದು ಉತ್ತರ ಹೇಳಲು ಹೋಗಿ ಅರ್ಧಕ್ಕೇ ತೂಕಡಿಸಿದ್ದೆ. ಎಲ್ಲಿಗೆ ಎಂದವರಿಗೆ ನಿದ್ದೆಗೆ ಎಂದಿದ್ದೆ. ಅವರು ಅದನ್ನು ಹತ್ತಿರದ ಊರು ಮಾಡಿಕೊಂಡಿದ್ದರು.

ವಿವರಿಸಿ ಹೇಳಿದೆ. ಕಾಯಿಲೆ, ಮಾತ್ರೆ, ಹನ್ನೊಂದು ಗಂಟೆ, ಎಲ್ಲ. ಅವರು ಹೊಂಗೆ ಮರ ಹಿಡಿದುಕೊಂಡು ನಕ್ಕರು. ಮರವೂ ಅಲ್ಲಾಡಿತು. ಅವರ ಹೆಸರು ಮುರುಗೇಶಣ್ಣ, ಭದ್ರಾವತಿಯ ಪೇಪರ್ ಟೌನಿನವರು. ಮಧ್ಯೆ ಒಂದು ಲಾರಿ ಬಂದು ಹಾರ್ನ್ ಹೊಡೆದಿತ್ತಂತೆ. ಅದಕ್ಕೆ ಅತ್ತೆಗೆ ಎಚ್ಚರವಾಗಿ, ಟೀ ಹುಡುಕಿಕೊಂಡು ಎದುರಿನ ಗೂಡಂಗಡಿಗೆ ಹೋಗಿದ್ದಳು. ನಾನು ಅಲುಗಲಿಲ್ಲ.

"ಆ ಲಾರಿ ಡ್ರೈವರ್ ಇಳಿದು ಬಂದು ನಿಮ್ಮನ್ನ ನೋಡ್ದ. ‘ಮಲಗ್ಲಿ ಬಿಡಣ್ಣ, ಎಬ್ಬಿಸ್ಬೇಡ. ನಾನೂ ಕಾಲು ಚಾಚ್ತೀನಿ’ ಅಂದ. ನೋಡಿ ಅಲ್ಲಿ."

ನಮ್ಮ ಹಿಂದೆ ನಿಂತ ಲಾರಿಯ ಕಿಟಕಿಯಿಂದ ಎರಡು ಪಾದಗಳು ಹೊರಬಂದಿದ್ದವು. ಶಿವಮೊಗ್ಗದ ನಮ್ಮ ಸರ್ಕಲ್‌ನಲ್ಲಿ ಹಸಿರು ದೀಪಕ್ಕೆ ಎರಡು ಕ್ಷಣ ತಡವಾದರೆ ಹಿಂದಿನವರು ವಂಶಾವಳಿ ತೆಗೆಯುತ್ತಾರೆ. ಇಲ್ಲಿ ಒಬ್ಬಳ ನಿದ್ದೆಗಾಗಿ ಲಾರಿಯೊಂದು ಸಾಲಿನಲ್ಲಿ ಕಾದಿತ್ತು. ವಿದೇಶಿಯರ ಪದ್ಧತಿಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಟ್ಟಿದ್ದೇನೆ.

"ಇಲ್ಲಿ ದಿನಾ ಎಷ್ಟೋ ಗಾಡಿ ತೂಗ್ತೀನಿ" ಎಂದರು ಮುರುಗೇಶಣ್ಣ. "ಮಾಲು ಜಾಸ್ತಿ ಆದ್ರೆ ಮೆಷಿನ್ನು ಹೇಳ್ಬಿಡುತ್ತೆ. ಡ್ರೈವರ್ ಕಣ್ಣಲ್ಲಿ ಎಷ್ಟು ತುಂಬಿದೆ ಅಂತ ಹೇಳೋ ಮೆಷಿನ್ನು ಇನ್ನೂ ಬಂದಿಲ್ಲ ಮಾ. ನಿಲ್ಸಿದ್ರಲ್ಲ, ನೀವು ದೊಡ್ಡ ಡ್ರೈವರ್ರೇ."

ಏಳು ವರ್ಷಗಳಲ್ಲಿ ನನಗೆ ಸಿಕ್ಕ ಬಿರುದುಗಳ ಪಟ್ಟಿಯಲ್ಲಿ ‘ಪಾಪ ಹುಡುಗಿ’ 40ಕ್ಕೂ ಹೆಚ್ಚು ಸಲ ಇದೆ. ‘ದೊಡ್ಡ ಡ್ರೈವರ್’ ಇದೇ ಮೊದಲು.

"ಕೂತಿರಿ, ಇಳೀಬೇಡಿ. ಎರಡನೇ ತೂಕ ಆಗ್ಬೇಕು" ಎಂದು ಅವರು ಕೋಣೆಗೆ ಹೋದರು. ಅಲ್ಲಿನ ಕ್ರಮ ಹಾಗಂತೆ. ಲಾರಿಯನ್ನು ಮಾಲು ಸಮೇತ ಒಮ್ಮೆ ತೂಗುತ್ತಾರೆ, ಮಾಲು ಇಳಿಸಿ ಬಂದ ಮೇಲೆ ಇನ್ನೊಮ್ಮೆ ತೂಗುತ್ತಾರೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಮಾಲಿನ ನಿವ್ವಳ ತೂಕ. ಎರಡೂ ಆಗದೆ ಮೆಷಿನ್ನು ಲೆಕ್ಕ ಮುಗಿಸುವುದಿಲ್ಲ. ಮುರುಗೇಶಣ್ಣ ಗುಂಡಿ ಒತ್ತಿದರು, ಚೀಟಿ ಕಿರ್ರೆಂದು ಹೊರಬಂತು. ಖಾಲಿ ಬಿಟ್ಟಿದ್ದ ಮಾಲಿನ ಕಾಲಂನಲ್ಲಿ ಪೆನ್ನಿನಿಂದ ಒಂದು ಪದ ಬರೆದು, ನಗುತ್ತಾ ನನ್ನ ಕೈಗಿತ್ತರು.

ಚೀಟಿಯಲ್ಲಿ ಹೀಗಿತ್ತು. ಮೊದಲ ತೂಕ 830 ಕೆಜಿ, ಹೊತ್ತು 11:22. ಎರಡನೇ ತೂಕ 760 ಕೆಜಿ, ಹೊತ್ತು 11:46. ಎಲ್ಲಿಗೆ: ನಿದಿಗೆ. ಮಾಲು: ನಿದ್ದೆ. ನಿವ್ವಳ ತೂಕ: 70 ಕೆಜಿ.

ನಿದ್ದೆ ಎಪ್ಪತ್ತು ಕಿಲೋ! ನನ್ನ ತಲೆಯ ಮೇಲೆ ದಿನಾ ಬೆಳಿಗ್ಗೆ ಇಷ್ಟು ಭಾರ ಕೂರುತ್ತದೆ ಎಂಬುದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತು ಎಂದು ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಟೀ ಲೋಟ ಹಿಡಿದು ಅತ್ತೆ ರಸ್ತೆ ದಾಟಿ ಬಂದಳು. ಚೀಟಿ ಓದಿದಳು. ಖಾಲಿ ಸೀಟು ನೋಡಿದಳು. ಮತ್ತೆ ಚೀಟಿ ಓದಿದಳು. ಮೊದಲ ತೂಕಕ್ಕೆ ಕಾರಿನಲ್ಲಿದ್ದು ಎರಡನೇ ತೂಕಕ್ಕೆ ಇಲ್ಲದಿದ್ದದ್ದು ಏನು ಎಂಬುದು ನಮ್ಮಿಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು.

ಅತ್ತೆ ಹನ್ನೆರಡು ವರ್ಷದಿಂದ ಐವತ್ತೆಂಟು ಕಿಲೋ. ಬೇರೆ ಸಂಖ್ಯೆ ಅವಳ ಬಾಯಿಂದ ಯಾರೂ ಕೇಳಿಲ್ಲ.

"ಬಾಳೆಹಣ್ಣು ಸೇರಿದೆ ಅದ್ರಲ್ಲಿ!" ಎಂದಳು.

"ಬಾಳೆಹಣ್ಣು ಕಾರಲ್ಲೇ ಇದೆ ಅತ್ತೆ. ಎರಡು ಸಲವೂ ಇತ್ತು."

"ಕೈಚೀಲ?"

"ಹನ್ನೆರಡು ಕಿಲೋ ಕೈಚೀಲನಾ?"

"ಮೆಷಿನ್ನು ಕೆಟ್ಟಿದೆ ಹಾಗಾದ್ರೆ."

ಮುರುಗೇಶಣ್ಣನ ಮುಖ ಗಂಭೀರವಾಯಿತು. "ಅಕ್ಕಾ, ನನ್ನ ಬಗ್ಗೆ ಏನಾದ್ರೂ ಹೇಳಿ. ಮೆಷಿನ್ನು ಬಗ್ಗೆ ಹೇಳ್ಬೇಡಿ."

ನಾನು ಕೆಳಗಿಳಿದು ಹೊಂಗೆ ಮರಕ್ಕೆ ಹತ್ತು ಸುತ್ತು ಹಾಕಿದೆ. ತಲೆ ತಿಳಿಯಾಗಿದೆ ಎಂದು ಖಚಿತವಾದ ಮೇಲೆ, 12:05ಕ್ಕೆ, ಕಾರು ಹತ್ತಿದೆ. ಹಿಂದಿನ ಲಾರಿಯ ಪಾದಗಳು ಇನ್ನೂ ಹೊರಗೇ ಇದ್ದವು.

ಮತ್ತೆ ಆಲ್ಕೊಳ: ಸುಂಕದ ಕಟ್ಟೆ

ದಾರಿಯಲ್ಲಿ ಅತ್ತೆ ಮಲಗಲಿಲ್ಲ. ಅವಳಿಗೆ ಕೆಲಸವಿತ್ತು.

"ಚೈತ್ರಾ, ಚೀಟಿ ಹರಿದು ಹೊಳೆಗೆ ಹಾಕು. ನೀನು ತೂಕಡಿಸಿದ್ದು ನಾನು ನೋಡಿಲ್ಲ. ನಾನು ಮಲಗಿದ್ದು ನೀನು ನೋಡಿಲ್ಲ. ನಿನ್ನ ಕೀ ನಿಂಗೆ, ನನ್ನ ಐವತ್ತೆಂಟು ನಂಗೆ. ಏನಂತೀಯ?"

ಇದಕ್ಕಿಂತ ಸಮನಾದ ಒಪ್ಪಂದ ನನಗೆ ಯಾರೂ ಕೊಟ್ಟಿಲ್ಲ. ತುಂಗಾ ಸೇತುವೆ ಬಂತು. ಕಾರಿನ ವೇಗ ತಾನಾಗಿಯೇ ಕಡಿಮೆಯಾಯಿತು. ಆದರೆ ತಾರೀಖು, ಹೊತ್ತು ಎರಡೂ ಇರುವ ಕಾಗದವನ್ನು ನಾನು ಜೀವಮಾನದಲ್ಲಿ ಹರಿದಿಲ್ಲ. ಜೊತೆಗೆ ಜಲ್ಲಿಯ ಗರಗರ ಸದ್ದು ಕಿವಿಯಲ್ಲಿ ಇನ್ನೂ ಇತ್ತು. ಸೇತುವೆ ಮುಗಿಯಿತು.

ಅಪ್ಪ ಗೇಟಿನಲ್ಲೇ ನಿಂತಿದ್ದರು, ಕೈಗಡಿಯಾರ ನೋಡುತ್ತಾ. "ಒಂದು ಗಂಟೆ ನಲವತ್ತು ನಿಮಿಷ ಲೇಟ್. ಏನಾಯ್ತು?"

"ತೂಕಡಿಸ್ದೆ" ಎಂದೆ. ಜಲ್ಲಿಯ ವಿಷಯವನ್ನೂ ಹೇಳಿದೆ. ಚೀಟಿ ಕೊಡಲು ಹೋದಾಗ ಅತ್ತೆ ನಡುವೆ ಬಂದು ತಾನೇ ತೆಗೆದುಕೊಂಡು ಅಪ್ಪನ ಮುಂದೆ ಹಿಡಿದಳು. ಅವಳ ಹೆಬ್ಬೆರಳು ಒಂದು ನಿರ್ದಿಷ್ಟ ಜಾಗದಲ್ಲಿತ್ತು.

ಅಪ್ಪ ಕನ್ನಡಕ ಹಾಕಿಕೊಂಡರು. ಇಂಥ ಚೀಟಿ ಓದುವುದು ಅವರಿಗೆ ಹೊಸದಲ್ಲ. ಅವರ ಬೆರಳು ತೂಕದ ಕಡೆ ಹೋಗಲೇ ಇಲ್ಲ. ಎರಡು ಹೊತ್ತುಗಳ ಮೇಲೆ ನಿಂತಿತು.

"11:22. 11:46" ಎಂದು ಓದಿದರು. "ಇಪ್ಪತ್ನಾಲ್ಕು ನಿಮಿಷ ಗಾಡಿ ಅಲ್ಲೇ ಇತ್ತಾ?"

"ಅಲ್ಲೇ ಇತ್ತು."

ಅಪ್ಪ ಚೀಟಿಯಿಂದ ಕಣ್ಣು ತೆಗೆಯದೆ ಹೇಳಿದರು. "ನಂಗೊಂದ್ಸಲ ಹಿಂಗೇ ಆಗಿತ್ತು. ಬಸ್ಸು ತುಂಬ ಜನ. ಕಣ್ಣು ಬಿಟ್ಟಾಗ ಎರಡು ಚಕ್ರ ಮಣ್ಣಲ್ಲಿತ್ತು. ಯಾರಿಗೂ ಗೊತ್ತಾಗ್ಲಿಲ್ಲ. ನಾನು ನಿಲ್ಲಿಸ್ಲಿಲ್ಲ. ಟೈಮಿಗೆ ಸರಿಯಾಗಿ ಹೋದೆ."

ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೂ ಇದು ಹೊಸ ಸುದ್ದಿ ಎಂದು ಅವಳ ಮುಖ ಹೇಳುತ್ತಿತ್ತು.

ಅಪ್ಪ ನನ್ನ ಕೈಯಿಂದ ಕೀ ತೆಗೆದುಕೊಂಡರು. ಒಳಗೆ ಹೋಗಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ಹಾಕಿದರು. ಆಮೇಲೆ ಕೈ ಚಾಚಿದರು.

"ಸರೋಜಾ, ಚೀಟಿ ಕೊಡು. ಮೊದ್ಲು ಹೆಬ್ಬೆರಳು ತೆಗಿ."

ಚೀಟಿಯನ್ನೂ ಅದೇ ಮೊಳೆಗೆ, ಕೀಯ ಮೇಲೆ ಚುಚ್ಚಿದರು. "ನಾಳೆ ಹೊರಡೋದು ಅರ್ಧ ಗಂಟೆ ಮುಂಚೆ, ಬರೋದು ಅರ್ಧ ಗಂಟೆ ತಡ. ಕೇಳಿಸ್ತಾ? ಲೇಟಾದ್ರೆ ನಾನು ಬರ್ಕೊಳ್ಳಲ್ಲ. ಮಲಗಿದ್ರೆ ಮಾತ್ರ ಚೀಟಿ ತಾ."

ಹಾಗೆ ಹೇಳಿ ಎರಡು ಹೆಜ್ಜೆ ಹೋದವರು ನಿಂತು, ತಿರುಗಿ ಬಂದು, ಚೀಟಿಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು.

"ಎಪ್ಪತ್ತಾ ಸರೋಜಾ?"

ಅತ್ತೆ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡು ತನ್ನ ಮನೆಗೆ ಹೋದಳು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಬಂದು, ಬರುವ ಭಾನುವಾರ ಹೂವಿನಾಕೆಯನ್ನು ನೋಡಲು ಹೋಗೋಣವೇ ಎಂದು ಕೇಳಿದಳು. ಒಂದು ಷರತ್ತಿನ ಮೇಲೆ: ಟೀ ಕುಡಿಯಲು ಇಳಿಯುವುದಿದ್ದರೆ ಇಬ್ಬರೂ ಇಳಿಯಬೇಕು.

ಆ ಸೋಮವಾರದಿಂದ ಇಂದಿನವರೆಗೆ ಭದ್ರಾವತಿಗೆ ಹೋಗಿಬಂದದ್ದು 17 ಸಲ. ದಾರಿಯಲ್ಲಿ ನಿಲ್ಲಿಸಿ ಮಲಗಿದ್ದು 5 ಸಲ. ಐದು ಸಲವೂ ಮುರುಗೇಶಣ್ಣನ ಅಂಗಳದಲ್ಲಿ, ಐದು ಹೊಸ ಚೀಟಿ ಮೊಳೆಯಲ್ಲಿವೆ. ಅತ್ತೆ ಕಾರಿನಲ್ಲಿ ಇರದಿದ್ದರಿಂದ ಈ ಐದರಲ್ಲೂ ನಿದ್ದೆಯ ನಿವ್ವಳ ತೂಕ ಸೊನ್ನೆ. ಮೆಷಿನ್ನು ಸುಳ್ಳು ಹೇಳುವುದಿಲ್ಲವೆಂದು ಮುರುಗೇಶಣ್ಣ ಹೇಳುತ್ತಾರೆ. ಈ ಒಂದು ವಿಷಯದಲ್ಲಿ ನನಗೆ ಅನುಮಾನವಿದೆ.

ಈಗ ನನ್ನ ಕೊರತೆ ಹೇಳಿಕೊಳ್ಳುತ್ತೇನೆ. ಆಲ್ಕೊಳದಿಂದ ಓಲ್ಡ್ ಟೌನಿನವರೆಗೆ, ಹೆಣ್ಣುಮಗಳೊಬ್ಬಳು ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಹೆದರಿಕೆಯಿಲ್ಲದೆ ಕಣ್ಣು ಮುಚ್ಚಬಹುದಾದ ನೆರಳುಗಳ ಪಟ್ಟಿ ಮಾಡುತ್ತಿದ್ದೇನೆ. ಪುಟದ ಅಂಚಿನಲ್ಲಿ ಒಂದರಿಂದ ಹತ್ತರವರೆಗೆ ಸಂಖ್ಯೆ ಹಾಕಿಟ್ಟಿದ್ದೇನೆ, ಒಂದರ ಮುಂದೆ ಮಾತ್ರ ಹೆಸರಿದೆ. ನನ್ನ ಹಾಗೆ ಮಾತ್ರೆ ನುಂಗಿ ಗಾಡಿ ಓಡಿಸುವವರು ಈ ರಸ್ತೆಯಲ್ಲಿ ಇನ್ನೂ ಇರಲೇಬೇಕು. ನೀವು ಎಲ್ಲಿ ನಿಲ್ಲಿಸುತ್ತೀರಿ? ಎಷ್ಟು ಹೊತ್ತಿಗೆ ಕಣ್ಣು ಎಳೆಯುತ್ತದೆ? ಎದ್ದ ಮೇಲೆ ತಲೆ ತಿಳಿಯಾಗಲು ಎಷ್ಟು ನಿಮಿಷ ಬೇಕು? ನನಗಿಂತ ಹೆಚ್ಚು ತಿಳಿದವರು ದಯವಿಟ್ಟು ಬರೆಯಿರಿ. ಮರ ಯಾವುದು, ನೆರಳು ಎಷ್ಟು ಗಂಟೆಯವರೆಗೆ ಇರುತ್ತದೆ ಎಂಬುದನ್ನೂ ಸೇರಿಸಿದರೆ ಉಪಕಾರ. ಎರಡನೇ ಸಂಖ್ಯೆಯ ಮುಂದೆ ನಿಮ್ಮ ನೆರಳನ್ನು ಬರೆದುಕೊಳ್ಳಲು ಪೆನ್ನು ತೆರೆದಿಟ್ಟಿದ್ದೇನೆ.